ಹೂಜಿ, ಬಕೆಟ್ಟು, ಹಂದಿ: ಅಮೇರಿಕೆಯ ‘ಬಿಗ್ ಟೆನ್’ ಕೂಟದ ಕಥೆ

ಮಿಷಿಗನ್, ಇಲಿನಾಯ್, ಪರ್ಡ್ಯೂ, ವಿಸ್ಕಾನ್ಸಿನ್, ಮಿನೆಸೋಟ. ಈ ವಿಶ್ವವಿದ್ಯಾಲಯಗಳ ಹೆಸರುಗಳು ಈಗ ನಮ್ಮ ನಾಡಿನ ಅನೇಕ ಮನೆಗಳಿಗೆ ಪರಿಚಿತವಾಗಿವೆ. ಉನ್ನತ ವ್ಯಾಸಂಗಕ್ಕೆಂದು ಅಲ್ಲಿಗೆ ತೆರಳುವ ನಮ್ಮ ಮಕ್ಕಳು ಶರತ್ಕಾಲದ ಶನಿವಾರಗಳಂದು ಊರಿಗೆ ಊರೇ ಒಂದೇ ಬಣ್ಣದ ಅಂಗಿ ತೊಟ್ಟು ಕ್ರೀಡಾಂಗಣದತ್ತ ನಡೆಯುವ ನೋಟವನ್ನು ಕಾಣುತ್ತಾರೆ. ಆ ಜನಸಾಗರವನ್ನು ಸೆಳೆಯುವ ಆಟದ ಹೆಸರು ಫುಟ್‌ಬಾಲ್. ಆದರೆ ಅದು ನಾವು ಬಲ್ಲ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ದೂರಕ್ಕೆ ಎಸೆಯುವ, ಚೆಂಡು ಹಿಡಿದವನ ಮೈಮೇಲೆ ಬಿದ್ದು ಕೆಡವುವ ಆಟವದು. ಹನ್ನೊಂದು ಜನರ ತಂಡಕ್ಕೆ ನಾಲ್ಕು ಅವಕಾಶಗಳು. ಅಷ್ಟರೊಳಗೆ ಹತ್ತು ಗಜ ಮುಂದೆ ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ಆಟದ ಕಟ್ಟಳೆಗಳು ಇನ್ನೂ ಬಹಳ ಉಂಟು. ವಾಚಕರಿಗೆ ಇಷ್ಟು ತಿಳಿದರೆ ಸಾಕು.

ಅಲ್ಲಿಯ ವಿಶ್ವವಿದ್ಯಾಲಯಗಳು ತಮ್ಮತಮ್ಮೊಳಗೆ ಕೂಟಗಳನ್ನು ಕಟ್ಟಿಕೊಂಡು ಈ ಆಟವನ್ನು ಆಡುತ್ತವೆ. ಅವುಗಳಿಗೆ ‘ಕಾನ್ಫರೆನ್ಸ್’ ಎಂದು ಹೆಸರು. ದೊಡ್ಡ ಕೂಟಗಳಲ್ಲೆಲ್ಲ ಹಿರಿಯದು ‘ಬಿಗ್ ಟೆನ್’. ಇದನ್ನು ಹುಟ್ಟುಹಾಕಿದವರು ಆಟಗಾರರಲ್ಲ, ಧನಿಕರಲ್ಲ, ಅಧ್ಯಾಪಕರು ಎಂಬುದೇ ನಮ್ಮ ಗಮನವನ್ನು ಮೊದಲು ಸೆಳೆದ ಸಂಗತಿ.

1895ರ ಜನವರಿಯಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಅಧ್ಯಕ್ಷ ಜೇಮ್ಸ್ ಸ್ಮಾರ್ಟ್ ಅವರ ಕರೆಯ ಮೇರೆಗೆ ಏಳು ಸಂಸ್ಥೆಗಳ ಅಧ್ಯಕ್ಷರು ಷಿಕಾಗೋ ನಗರದ ಪಾಮರ್ ಹೌಸ್ ಹೋಟೆಲಿನಲ್ಲಿ ಕಲೆತರು. ಆಗಿನ ಆಟದ ಸ್ಥಿತಿ ಶೋಚನೀಯವಾಗಿತ್ತು. ಪಾಠದ ಕೋಣೆಗೆ ಕಾಲಿಡದವರು ಹಣ ಪಡೆದು ಕಾಲೇಜಿನ ಹೆಸರಿನಲ್ಲಿ ಆಡುತ್ತಿದ್ದರು. ನಿಜವಾದ ವಿದ್ಯಾರ್ಥಿಯೇ ಆಡಬೇಕು, ಆಟದ ಲಗಾಮು ಅಧ್ಯಾಪಕರ ಕೈಯಲ್ಲಿರಬೇಕು ಎಂಬುದು ಆ ಸಭೆಯ ನಿರ್ಣಯದ ತಿರುಳು. 1896ರ ಫೆಬ್ರುವರಿಯಲ್ಲಿ ಕೂಟವು ವಿಧಿವತ್ತಾಗಿ ಸ್ಥಾಪನೆಗೊಂಡಿತು. ಅದರ ಅಧಿಕೃತ ಹೆಸರಿನಲ್ಲಿಯೇ ‘ಅಧ್ಯಾಪಕ ಪ್ರತಿನಿಧಿಗಳ’ ಎಂಬ ಮಾತಿತ್ತು. ಬಿಗ್ ಟೆನ್ ಎಂಬುದು ಜನರ ಬಾಯಲ್ಲಿ ಬೆಳೆದ ಹೆಸರು. ಅದು ಕಾನೂನಿನ ಮನ್ನಣೆ ಪಡೆದದ್ದು 1987ರಲ್ಲಿ.

1905ರಲ್ಲಿ ದೇಶದ ನಾನಾ ಕಡೆ ಈ ಆಟವಾಡುತ್ತ ಹಲವು ತರುಣರು ಮೃತಪಟ್ಟರು. ರಾಷ್ಟ್ರಾಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರೇ ಮಧ್ಯಪ್ರವೇಶಿಸಬೇಕಾಯಿತು. ಮರುವರ್ಷ ಈ ಕೂಟದ ಅಧ್ಯಾಪಕರು ಆಟವನ್ನು ಮತ್ತಷ್ಟು ಬಿಗಿಗೊಳಿಸಿದರು. ವರ್ಷಕ್ಕೆ ಐದೇ ಪಂದ್ಯಗಳು, ಒಬ್ಬ ವಿದ್ಯಾರ್ಥಿಗೆ ಮೂರೇ ವರ್ಷಗಳ ಅವಕಾಶ. ಇದನ್ನು ಒಪ್ಪದ ಮಿಷಿಗನ್ ಮುನಿಸಿಕೊಂಡು ಹೊರನಡೆದು 1917ರಲ್ಲಿ ಮರಳಿತು. ಆ ವೇಳೆಗೆ ಓಹಾಯೋ ಸ್ಟೇಟ್ ಕೂಡ ಸೇರಿದ್ದುದರಿಂದ ಸಂಖ್ಯೆ ಹತ್ತಾಯಿತು.

ಮಾತು ಕೊಟ್ಟು ಕೊನೆಯತನಕ ನಡೆದುಕೊಂಡವರು ಷಿಕಾಗೋ ವಿಶ್ವವಿದ್ಯಾಲಯದವರು ಎನ್ನಬೇಕು. ಅಮೋಸ್ ಅಲೊಂಜೊ ಸ್ಟ್ಯಾಗ್ ಎಂಬ ಪ್ರಸಿದ್ಧ ಶಿಕ್ಷಕರು 1892ರಿಂದ 1932ರವರೆಗೆ ಅಲ್ಲಿ ತಂಡವನ್ನು ಕಟ್ಟಿ ಬೆಳೆಸಿದ್ದರು. ಅವರ ನಂತರ ತಂಡ ಸೊರಗಿತು. 1939ರಲ್ಲಿ ಮಿಷಿಗನ್ ಎದುರು 85–0 ಅಂತರದ ಸೋಲು. ಅದೇ ವರ್ಷದ ಡಿಸೆಂಬರಿನಲ್ಲಿ ಅಧ್ಯಕ್ಷ ರಾಬರ್ಟ್ ಹಚಿನ್ಸ್ ತಮ್ಮ ವಿಶ್ವವಿದ್ಯಾಲಯದ ಫುಟ್‌ಬಾಲನ್ನೇ ನಿಲ್ಲಿಸಿಬಿಟ್ಟರು. ಜನ ಬಾರದಾದ ಆ ಕ್ರೀಡಾಂಗಣದ ಮೆಟ್ಟಿಲುಗಳ ಕೆಳಗೆ, 1942ರ ಡಿಸೆಂಬರ್ 2ರಂದು, ಎನ್ರಿಕೋ ಫರ್ಮಿಯವರ ನೇತೃತ್ವದಲ್ಲಿ ಜಗತ್ತಿನ ಮೊದಲ ನಿಯಂತ್ರಿತ ಪರಮಾಣು ಸರಣಿಕ್ರಿಯೆ ನಡೆಯಿತು. ಆಟದಂಗಳವು ಯಾವ ಯಾವ ಕಾರ್ಯಕ್ಕೆ ಒದಗೀತೆಂದು ಯಾರು ಬಲ್ಲರು! 1946ರಲ್ಲಿ ಷಿಕಾಗೋ ಕೂಟವನ್ನು ತೊರೆಯಿತು. ಆ ಸ್ಥಾನಕ್ಕೆ ಮಿಷಿಗನ್ ಸ್ಟೇಟ್ ಬಂದಿತು.

ಇನ್ನು ಸಂಪ್ರದಾಯಗಳ ಮಾತು. ಬೆಳ್ಳಿಬಂಗಾರದ ಬಟ್ಟಲುಗಳಿಗಿಂತ ಈ ಕೂಟದವರು ಹಂಬಲಿಸುವುದು ಅಡಿಗೆಮನೆ, ಹಿತ್ತಿಲುಗಳ ವಸ್ತುಗಳಿಗೆ. 1903ರ ಅಕ್ಟೋಬರ್ 31ರಂದು ಮಿಷಿಗನ್ ತಂಡ ಮಿನೆಸೋಟಕ್ಕೆ ಆಡಲು ಬಂದಾಗ, ಎದುರಾಳಿಗಳ ನೀರಿನ ಮೇಲೆ ವಿಶ್ವಾಸವಿಲ್ಲದೆ, ಮೂವತ್ತು ಸೆಂಟು ಕೊಟ್ಟು ಒಂದು ಮಣ್ಣಿನ ಹೂಜಿಯನ್ನು ಕೊಂಡಿತಂತೆ. ಪಂದ್ಯ 6–6ರಲ್ಲಿ ಸಮವಾಯಿತು. ಬಲಾಢ್ಯ ಮಿಷಿಗನ್ನನ್ನು ತಡೆದ ಹರ್ಷದಲ್ಲಿ ಜನ ಮೈದಾನಕ್ಕೆ ನುಗ್ಗಿದರು. ಗದ್ದಲದಲ್ಲಿ ಹೂಜಿ ಅಲ್ಲಿಯೇ ಉಳಿಯಿತು. ಆಸ್ಕರ್ ಮನ್ಸನ್ ಎಂಬ ಕೆಲಸಗಾರನಿಗೆ ಅದು ಸಿಕ್ಕಿತು. ಮಿನೆಸೋಟದವರು ಅದರ ಮೇಲೆ ಅಂಕಗಳನ್ನು ಬರೆದರು: ತಮ್ಮ ಆರು ದೊಡ್ಡದು, ಮಿಷಿಗನ್ನಿನ ಆರು ಚಿಕ್ಕದು! ಹೂಜಿಯನ್ನು ಹಿಂದಿರುಗಿಸಿ ಎಂದು ಮಿಷಿಗನ್ ಕೇಳಿದಾಗ, ಬೇಕಿದ್ದರೆ ಗೆದ್ದು ಒಯ್ಯಿರಿ ಎಂಬ ಉತ್ತರ ಹೋಯಿತೆಂದು ಐತಿಹ್ಯ. 1909ರಲ್ಲಿ ಅವರು ಗೆದ್ದೇ ಒಯ್ದರು. ಅಂದಿನಿಂದ ಗೆದ್ದವರ ಮನೆಗೆ ಹೂಜಿ, ಹೂಜಿಯ ಮೈಮೇಲೆ ಪ್ರತಿ ಪಂದ್ಯದ ಅಂಕ.

ಇಂಡಿಯಾನಾ ಮತ್ತು ಪರ್ಡ್ಯೂ ನಡುವೆ 1925ರಿಂದ ಬಾವಿಯ ನೀರು ಸೇದುವ ಮರದ ಬಕೆಟ್ಟೊಂದು ಓಡಾಡುತ್ತಿದೆ. ಗೆದ್ದ ತಂಡದ ಮೊದಲ ಅಕ್ಷರವುಳ್ಳ ಕೊಂಡಿಯನ್ನು ಅದರ ಸರಪಳಿಗೆ ಜೋಡಿಸುತ್ತಾರೆ. ಮೊದಲ ವರ್ಷದ ಪಂದ್ಯವೇ 0–0ಯಲ್ಲಿ ಮುಗಿದು, ಮೊದಲ ಕೊಂಡಿಯಲ್ಲಿ ಎರಡೂ ಅಕ್ಷರಗಳನ್ನು ಹಾಕಬೇಕಾಯಿತು.

ಹಂದಿಯ ಕಥೆ ನಗೆ ತರಿಸುತ್ತದೆ; ಆದರೆ ಅದರ ಮೂಲ ನಗುವಂಥದಲ್ಲ. 1934ರಲ್ಲಿ ಅಯೋವಾ ತಂಡದಲ್ಲಿ ಆಝಿ ಸಿಮನ್ಸ್ ಎಂಬ ಕಪ್ಪು ವರ್ಣದ ಆಟಗಾರನಿದ್ದನು. ಆ ಕಾಲದಲ್ಲಿ ಅಂಥವರು ಬೆರಳೆಣಿಕೆಯಷ್ಟು. ಮಿನೆಸೋಟದ ಆಟಗಾರರು ಅವನ ಮೇಲೆ ಮತ್ತೆ ಮತ್ತೆ ಎರಗಿದರು. ಪೆಟ್ಟು ತಿಂದು ಅವನು ಮೈದಾನ ಬಿಡಬೇಕಾಯಿತು. ಅಯೋವಾ 48–12ರಿಂದ ಸೋತಿತು. ಮರುವರ್ಷ ಪಂದ್ಯ ಅಯೋವಾದಲ್ಲಿ. ಅಂಥ ಒರಟಾಟವನ್ನು ತಮ್ಮ ಜನ ಸಹಿಸರು ಎಂಬ ಅರ್ಥದ ಎಚ್ಚರಿಕೆಯನ್ನು ಆ ರಾಜ್ಯದ ಗವರ್ನರ್ ಕ್ಲೈಡ್ ಹೆರಿಂಗ್ ಬಹಿರಂಗವಾಗಿ ಕೊಟ್ಟರು. ಗಲಭೆಯ ಭೀತಿ ಹಬ್ಬಿತು. ಆಗ ಮಿನೆಸೋಟದ ಗವರ್ನರ್ ಫ್ಲಾಯ್ಡ್ ಓಲ್ಸನ್ ತಂತಿ ಕಳುಹಿಸಿ, ಸೋತವರು ಗೆದ್ದವರಿಗೆ ಒಂದು ಒಳ್ಳೆಯ ಹಂದಿ ಕೊಡುವ ಪಂಥ ಹೂಡಿದರು. ಕಾವು ಇಳಿಯಿತು. ಮಿನೆಸೋಟ 13–6ರಿಂದ ಗೆದ್ದಿತು. ಹೆರಿಂಗ್ ಜೀವಂತ ಹಂದಿಯೊಂದನ್ನು ಓಲ್ಸನ್ನರ ಕಚೇರಿಗೇ ತಂದೊಪ್ಪಿಸಿದರು. ಗವರ್ನರರ ಹೆಸರನ್ನೂ ಹಂದಿ ಹುಟ್ಟಿದ ರೋಸ್‌ಡೇಲ್ ಫಾರ್ಮಿನ ಹೆಸರನ್ನೂ ಕೂಡಿಸಿ ಅದಕ್ಕೆ ‘ಫ್ಲಾಯ್ಡ್ ಆಫ್ ರೋಸ್‌ಡೇಲ್’ ಎಂದು ಕರೆದರು. ಅದರ ಕಂಚಿನ ಪ್ರತಿಮೆಗಾಗಿ ಎರಡೂ ತಂಡಗಳು ಇಂದಿಗೂ ಸೆಣಸುತ್ತವೆ. ವಿನೋದದಿಂದ ವೈರ ತಣಿಸಿದ ಗವರ್ನರರ ಜಾಣ್ಮೆಯನ್ನು ನಾವು ಮೆಚ್ಚುತ್ತೇವೆ. ಆದರೂ ಹಂದಿಯ ಹೆಸರು ಉಳಿದು, ಪೆಟ್ಟು ತಿಂದವನ ಹೆಸರು ಆ ಪದಕದ ಮೇಲಿಲ್ಲದಿರುವುದು ನಮ್ಮ ಮನಸ್ಸನ್ನು ಚುಚ್ಚುತ್ತದೆ.

ಐದು ದಶಕಗಳಿಗೂ ಹೆಚ್ಚು ಕಾಲ ಈ ಕೂಟದ ವಿಜೇತರಿಗೆ ದೊಡ್ಡ ಹಬ್ಬವೆಂದರೆ ಹೊಸ ವರ್ಷದ ದಿನ ಕ್ಯಾಲಿಫೋರ್ನಿಯಾದ ‘ರೋಸ್ ಬೌಲ್’ ಪಂದ್ಯ. ಪೆಸಿಫಿಕ್ ತೀರದ ಕೂಟದ ವಿಜೇತರೊಂದಿಗೆ ಆಡುವ ಒಪ್ಪಂದ ಜಾರಿಗೆ ಬಂದದ್ದು 1947ರ ಪಂದ್ಯದಿಂದ. ಹಿಮ ಮುಸುಕಿದ ಊರುಗಳವರು ಬಿಸಿಲ ನಾಡಿಗೆ ಹೋಗಿ ಆಡಿ ಬರುವ ಯಾತ್ರೆಯದು. ಈಗ ಆ ಎದುರಾಳಿ ಕೂಟವೇ ಒಡೆದುಹೋಗಿದೆ. ದೂರದರ್ಶನದ ಹಣವೇ ಅದಕ್ಕೆ ಕಾರಣ. ಬಿಗ್ ಟೆನ್ 2022ರಲ್ಲಿ ಮೂರು ದೂರದರ್ಶನ ಸಂಸ್ಥೆಗಳೊಡನೆ ಮಾಡಿಕೊಂಡ ಏಳು ವರ್ಷಗಳ ಒಪ್ಪಂದದ ಮೌಲ್ಯ 700 ಕೋಟಿ ಡಾಲರುಗಳಿಗೂ ಅಧಿಕವೆಂದು ವರದಿಯಾಯಿತು. 2024ರಲ್ಲಿ ಪೆಸಿಫಿಕ್ ತೀರದ ನಾಲ್ಕು ವಿಶ್ವವಿದ್ಯಾಲಯಗಳು ಇತ್ತ ಬಂದವು. ಹೆಸರು ಹತ್ತು, ಎಣಿಸಿದರೆ ಹದಿನೆಂಟು! 1990ರಲ್ಲಿ ಹನ್ನೊಂದಾದಾಗ ಕೂಟದ ಲಾಂಛನದ ಅಕ್ಷರಗಳ ನಡುವೆ 11 ಎಂಬ ಅಂಕಿಯನ್ನು ಗುಟ್ಟಾಗಿ ಅಡಗಿಸಿದ್ದರು. ಈಗ ಆ ಸಂಕೋಚವೂ ಉಳಿದಿಲ್ಲ.

ಹಿಂದೆ ರೈಲಿನಲ್ಲಿ ಹೋಗಿಬರುವಷ್ಟು ನೆರೆಯವರಾಗಿದ್ದ ಕೂಟದಲ್ಲಿ ಇಂದು ನ್ಯೂಜರ್ಸಿಯ ವಿದ್ಯಾರ್ಥಿ ಸುಮಾರು 4,000 ಕಿಲೋಮೀಟರು ಹಾರಿ ಲಾಸ್ ಏಂಜಲೀಸಿಗೆ ಆಡಲು ಹೋಗುತ್ತಾನೆ. ಫುಟ್‌ಬಾಲ್ ತಂಡಕ್ಕೆ ವಾರಕ್ಕೊಂದೇ ಪಂದ್ಯ. ವಾರದ ನಡುವೆಯೂ ಆಡಬೇಕಾದ ವಾಲಿಬಾಲ್, ಬ್ಯಾಸ್ಕೆಟ್‌ಬಾಲ್ ತಂಡಗಳ ಹೆಣ್ಣುಮಕ್ಕಳ ಪಾಠಗಳ ಗತಿಯೇನು ಎಂದು ಕೇಳಲು 1895ರ ಆ ಅಧ್ಯಕ್ಷರು ಈಗಿಲ್ಲ. 2025ರ ಜೂನಿನಲ್ಲಿ ನ್ಯಾಯಾಲಯ ಮಾನ್ಯ ಮಾಡಿದ ಒಪ್ಪಂದದಂತೆ ವಿಶ್ವವಿದ್ಯಾಲಯಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಇದನ್ನು ನಾವು ತಪ್ಪೆನ್ನಲಾರೆವು. ಕೋಟಿಗಟ್ಟಲೆ ಡಾಲರು ತರುವವನ ಮೈಬೆವರಿಗೆ ಬೆಲೆ ಸಲ್ಲಬೇಕು. ಆದರೆ ಯಾವುದನ್ನು ತಡೆಯಲು ಕೂಟ ಹುಟ್ಟಿತೋ ಅದೇ ಇಂದು ಅದರ ಕಟ್ಟಳೆಯಾಗಿದೆ.

ಹಣದ ಹಂಗಿಲ್ಲದೆ ಹೊಸದಾಗಿ ಹುಟ್ಟಿದ ಸಂಪ್ರದಾಯವೂ ಒಂದುಂಟು. ಅಯೋವಾದ ಕಿನಿಕ್ ಕ್ರೀಡಾಂಗಣದ ಮಗ್ಗುಲಲ್ಲಿ 2017ರಲ್ಲಿ ಮಕ್ಕಳ ಆಸ್ಪತ್ರೆಯ ಹೊಸ ಕಟ್ಟಡ ಎದ್ದಿತು. ಅದರ ಮೇಲಂತಸ್ತಿನ ಕಿಟಕಿಗಳಿಂದ ಮೈದಾನ ಕಾಣುತ್ತದೆ. ಅದೇ ವರ್ಷದಿಂದ, ಪಂದ್ಯದ ಮೊದಲ ಕಾಲುಭಾಗ ಮುಗಿದೊಡನೆ, ಸುಮಾರು 70,000 ಪ್ರೇಕ್ಷಕರು, ಎರಡೂ ತಂಡದವರು, ತೀರ್ಪುಗಾರರು ಸಹ ಆಟದ ಕಡೆ ಬೆನ್ನು ತಿರುಗಿಸಿ ಆ ಕಿಟಕಿಗಳತ್ತ ಕೈಬೀಸುತ್ತಾರೆ. ರೋಗಶಯ್ಯೆಯಿಂದೆದ್ದ ಮಕ್ಕಳು ಅಲ್ಲಿಂದ ಕೈಬೀಸುತ್ತವೆ.

ಹದಿನೆಂಟು ತಂಡಗಳಾದ ಮೇಲೆ ಎಲ್ಲರೂ ಎಲ್ಲರೊಡನೆ ಪ್ರತಿವರ್ಷ ಆಡುವುದು ಅಸಾಧ್ಯವಾಯಿತು. ತಪ್ಪದೆ ನಡೆಯಲೇಬೇಕಾದ ಕೆಲವು ಪಂದ್ಯಗಳನ್ನಷ್ಟೇ ಕೂಟದವರು ಆರಿಸಿದರು. ಬಕೆಟ್ಟು ಆ ಪಟ್ಟಿಯಲ್ಲಿ ಉಳಿಯಿತು, ಹಂದಿಯೂ ಉಳಿಯಿತು. ಎಲ್ಲಕ್ಕಿಂತ ಹಳೆಯದಾದ ಹೂಜಿಗೆ ಅದರಲ್ಲಿ ಎಡೆ ದೊರೆಯಲಿಲ್ಲ. 2024ರಲ್ಲಿ ಮಿಷಿಗನ್ 27–24ರಿಂದ ಮಿನೆಸೋಟವನ್ನು ಸೋಲಿಸಿ ಹೂಜಿಯನ್ನು ಉಳಿಸಿಕೊಂಡಿತು. 2025ರಲ್ಲಿ ಎರಡೂ ತಂಡಗಳು ಎದುರಾಗಲಿಲ್ಲ. ಹೂಜಿಯ ಮೇಲೆ ಆ ವರ್ಷದ ಅಂಕವಿಲ್ಲ.