ಕಳೆ ಕೊಚ್ಚುವ ಯಂತ್ರಕ್ಕೆ ಯಾವ ಆಯಿಲ್, ಎಷ್ಟು ಆಯಿಲ್?

ಅಡಿಕೆ, ತೆಂಗು, ಕಾಫಿ ತೋಟಗಳಲ್ಲಿ ಹೆಗಲಿಗೆ ಹಾಕಿಕೊಂಡು ಕಳೆ ಕೊಚ್ಚುವ ಯಂತ್ರವೂ ಬೆನ್ನಿಗೆ ಕಟ್ಟಿಕೊಳ್ಳುವ ಪವರ್ ಸ್ಪ್ರೇಯರೂ ಇಂದು ಸಾಮಾನ್ಯವಾಗಿವೆ. ಇವುಗಳಲ್ಲಿ ಹಲವು ಟೂ-ಸ್ಟ್ರೋಕ್ ಎಂಜಿನ್‌ನಿಂದ ನಡೆಯುತ್ತವೆ. ಮಳೆಗಾಲದಲ್ಲಿ ಕಳೆ ಸೊಂಟದೆತ್ತರ ಬೆಳೆದು ನಿಂತಾಗಲೇ ಎಂಜಿನ್ ಸೀಜ್ ಆದರೆ ದುರಸ್ತಿಯ ಖರ್ಚೂ ಬೀಳುತ್ತದೆ, ಕೆಲಸದ ಹದವೂ ತಪ್ಪುತ್ತದೆ. ಹೀಗೆ ಕೆಡುವುದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು ಆಯಿಲ್‌ನ ವಿಷಯದಲ್ಲಿ ತೋರುವ ಅಲಕ್ಷ್ಯ.

ಆಯಿಲ್ ಏಕೆ ಬೆರೆಸಬೇಕು?

ಫೋರ್-ಸ್ಟ್ರೋಕ್ ಎಂಜಿನ್‌ನ ತಳದಲ್ಲಿ ಆಯಿಲ್ ಬೇರೆಯಾಗಿಯೇ ನಿಂತಿರುತ್ತದೆ. ಅದರ ಪೆಟ್ರೋಲಿಗೆ ಆಯಿಲ್ ಬೆರೆಸಕೂಡದು. ತೋಟದ ಟೂ-ಸ್ಟ್ರೋಕ್ ಯಂತ್ರದಲ್ಲಿ ಹೀಗಿಲ್ಲ. ಪೆಟ್ರೋಲಿನೊಡನೆ ಬಂದ ಆಯಿಲೇ ಕ್ರ್ಯಾಂಕ್, ಬೇರಿಂಗ್, ಪಿಸ್ಟನ್‌ಗಳನ್ನು ನೆನೆಸಿ, ನಂತರ ಉರಿದು ಹೊರಹೋಗುತ್ತದೆ. ಬರಿಯ ಪೆಟ್ರೋಲ್ ಹಾಕಿ ಓಡಿಸಿದರೆ ಕೆಲವೇ ನಿಮಿಷಗಳಲ್ಲಿ ಪಿಸ್ಟನ್ ಕಚ್ಚಿಕೊಳ್ಳಬಹುದು. ಆದುದರಿಂದ ತಮ್ಮ ಯಂತ್ರ ಯಾವ ಬಗೆಯದೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿರಿ.

ಆಯ್ಕೆ

ಡಬ್ಬಿಯ ಮೇಲೆ ಟೂ-ಸ್ಟ್ರೋಕ್ ಎಂದಿದ್ದರಷ್ಟೇ ಸಾಲದು. ತೋಟದ ಯಂತ್ರಗಳು ಗಾಳಿಯಿಂದ ತಂಪಾಗುವಂಥವು, ಹೆಚ್ಚು ಕಾಯುತ್ತವೆ. ಇವಕ್ಕೆ ಜಾಸೊ ಎಫ್.ಸಿ. ಅಥವಾ ಎಫ್.ಡಿ. ದರ್ಜೆಯ ಆಯಿಲ್ ಒಳ್ಳೆಯದು; ಹೊಗೆಯೂ ಮಸಿಯೂ ಕಡಿಮೆ. ಟಿ.ಸಿ.-ಡಬ್ಲ್ಯು 3 ಎಂಬ ಗುರುತಿನ ಆಯಿಲ್ ನೀರಿನಿಂದ ತಂಪಾಗುವ ದೋಣಿ ಎಂಜಿನ್‌ಗಳಿಗೆಂದು ಮಾಡಿದ್ದು. ಕರಾವಳಿಯಲ್ಲಿ ದೋಣಿಗೆ ತಂದ ಆಯಿಲನ್ನೇ ಕಳೆ ಯಂತ್ರಕ್ಕೂ ಸುರಿಯುವುದು ಸರಿಯಲ್ಲ. ಟ್ರ್ಯಾಕ್ಟರಿನ ಎಂಜಿನ್ ಆಯಿಲಂತೂ ಬೇಡವೇ ಬೇಡ. ಅದು ಉರಿದಾಗ ಉಳಿಯುವ ಬೂದಿ ಪ್ಲಗ್ಗಿನ ಮೇಲೂ ಪಿಸ್ಟನ್ನಿನ ಮೇಲೂ ಕೂರುತ್ತದೆ.

ಪ್ರಮಾಣ

ಯಂತ್ರದ ಕೈಪಿಡಿಯಲ್ಲಿ ಹೇಳಿದ ಪ್ರಮಾಣವೇ ಅಂತಿಮ. ಒಂದು ಲೀಟರ್ ಪೆಟ್ರೋಲಿಗೆ ಬೇಕಾಗುವ ಆಯಿಲ್ ಹೀಗಿದೆ:

25ಕ್ಕೆ 1 ಎಂದಿದ್ದರೆ 40 ಮಿ.ಲೀ.
40ಕ್ಕೆ 1 ಎಂದಿದ್ದರೆ 25 ಮಿ.ಲೀ.
50ಕ್ಕೆ 1 ಎಂದಿದ್ದರೆ 20 ಮಿ.ಲೀ.

ಕಣ್ಣಂದಾಜಿನಲ್ಲಿ ಸುರಿಯದೆ ಅಳತೆಯ ಲೋಟ ಬಳಸಿರಿ. ಇಂಧನದ ಕ್ಯಾನಿಗೆ ಅರ್ಧ ಪೆಟ್ರೋಲ್, ಅನಂತರ ಆಯಿಲ್ ಹಾಕಿ ಚೆನ್ನಾಗಿ ಕುಲುಕಿ, ಉಳಿದ ಪೆಟ್ರೋಲ್ ಸೇರಿಸಿ ಮತ್ತೆ ಕುಲುಕಬೇಕು. ಯಂತ್ರದ ಟ್ಯಾಂಕಿನಲ್ಲಿಯೇ ಬೆರೆಸಬಾರದು. ಹೆಚ್ಚು ಹಾಕಿದರೆ ಹೆಚ್ಚು ಬಾಳಿಕೆ ಎಂಬುದೂ ತಪ್ಪು. ಹೆಚ್ಚಾದ ಆಯಿಲ್ ಪ್ಲಗ್ಗನ್ನು ಒದ್ದೆ ಮಾಡಿ, ಸೈಲೆನ್ಸರಿನ ದಾರಿಯನ್ನು ಮಸಿಯಿಂದ ಮುಚ್ಚುತ್ತದೆ.

ಬೆರೆಸಿದ್ದನ್ನು ಬಹಳ ದಿನ ಇಡಬೇಡಿರಿ

ಇಂದಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ. ಇದು ತೇವವನ್ನು ಹೀರುತ್ತದೆ. ನೀರು ಮಿತಿ ಮೀರಿದಾಗ ಎಥನಾಲೂ ನೀರೂ ಬೇರ್ಪಟ್ಟು ತಳಕ್ಕಿಳಿಯುತ್ತವೆ; ಆಯಿಲ್ ಮೇಲಿನ ಪೆಟ್ರೋಲಿನಲ್ಲಿಯೇ ಉಳಿಯುತ್ತದೆ. ಟ್ಯಾಂಕಿನ ತಳದಿಂದ ಎಳೆದುಕೊಳ್ಳುವ ಎಂಜಿನ್‌ಗೆ ಆಗ ಆಯಿಲೇ ಸಿಗದು. ಆದ್ದರಿಂದ ವಾರಕ್ಕೆ ಬೇಕಾದಷ್ಟನ್ನೇ ಬೆರೆಸಿ, ಬಿಗಿ ಮುಚ್ಚಳದ ಕ್ಯಾನಿನಲ್ಲಿ ನೆರಳಿನಲ್ಲಿಡಿರಿ. ತಮ್ಮ ಯಂತ್ರಕ್ಕೆ ಎಷ್ಟು ಎಥನಾಲ್ ಒಗ್ಗುತ್ತದೆಂದು ಮಾರಾಟಗಾರರಿಂದ ಕೇಳಿ ತಿಳಿಯಿರಿ.

ಪಾಲನೆ

1. ಪ್ರತಿದಿನ ಕೆಲಸ ಮುಗಿದ ಮೇಲೆ ಏರ್ ಫಿಲ್ಟರ್ ಶುಚಿಗೊಳಿಸಿರಿ. ಸ್ಪಂಜಿನದಾದರೆ ಸೋಪಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿರಿ.

2. ಸಿಲಿಂಡರಿನ ರೆಕ್ಕೆಗಳ ನಡುವೆ ಸಿಕ್ಕಿದ ಹುಲ್ಲು, ಮಣ್ಣನ್ನು ಬ್ರಷ್‌ನಿಂದ ತೆಗೆಯಿರಿ. ಗಾಳಿಯ ದಾರಿ ಮುಚ್ಚಿದರೆ ಒಳ್ಳೆಯ ಆಯಿಲೂ ಎಂಜಿನ್ನನ್ನು ಕಾಪಾಡದು.

3. ಪ್ಲಗ್ ಬಿಚ್ಚಿ ನೋಡಿರಿ. ತಿಳಿ ಕಂದು ಬಣ್ಣವಿದ್ದರೆ ಸರಿ. ಕಪ್ಪಾಗಿ ಒದ್ದೆಯಿದ್ದರೆ ಆಯಿಲ್ ಹೆಚ್ಚಾಗಿರಬಹುದು, ಇಲ್ಲವೆ ಫಿಲ್ಟರ್ ಕಟ್ಟಿರಬಹುದು. ಬೆಳ್ಳಗೆ ಸುಟ್ಟಂತಿದ್ದರೆ ಎಂಜಿನ್ ಮಿತಿಮೀರಿ ಕಾಯುತ್ತಿದೆ. ಕೂಡಲೇ ಮೆಕ್ಯಾನಿಕ್‌ಗೆ ತೋರಿಸಿರಿ.

4. ಬ್ಲೇಡಿನ ಬಳಿಯ ಗೇರ್‌ಪೆಟ್ಟಿಗೆಗೆ ಕೈಪಿಡಿಯಂತೆ ಗ್ರೀಸ್ ತುಂಬಿರಿ.

5. ಎಂಜಿನ್ ಆರಿದ ಮೇಲೆಯೇ ಇಂಧನ ಹಾಕಿರಿ. ಹತ್ತಿರ ಬೀಡಿ, ಬೆಂಕಿ ಕೂಡದು.

6. ಹಂಗಾಮು ಮುಗಿದೊಡನೆ ಟ್ಯಾಂಕ್ ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿರಿ. ಆರಿದ ಬಳಿಕ ಪ್ಲಗ್ಗಿನ ರಂಧ್ರದಲ್ಲಿ ಕೆಲವು ಹನಿ ಟೂ-ಸ್ಟ್ರೋಕ್ ಆಯಿಲ್ ಬಿಟ್ಟು, ಹಗ್ಗವನ್ನು ಎರಡು ಮೂರು ಸಲ ಮೆಲ್ಲನೆ ಎಳೆದು ಪ್ಲಗ್ ಕೂರಿಸಿರಿ.

ಕ್ಯಾನಿನ ಮೇಲೆ ಬೆರೆಸಿದ ದಿನಾಂಕವನ್ನೂ ಪ್ರಮಾಣವನ್ನೂ ಬರೆದಿಡುವ ರೂಢಿ ಮಾಡಿಕೊಳ್ಳಿರಿ. ಯಂತ್ರವನ್ನು ಆಳಿನ ಕೈಗೆ ಕೊಡುವಾಗ ಅಳತೆಯ ಲೋಟವನ್ನೂ ಕೊಟ್ಟು, ಬೆರೆಸುವ ಕ್ರಮವನ್ನು ಒಮ್ಮೆ ಮಾಡಿ ತೋರಿಸಿರಿ.