ಕಥೆ ಬರೆದಾಯ್ತು, ಪುಸ್ತಕ ಮಾಡೋದು ಹೇಗೆ?

ಮಕ್ಕಳನ್ನು ಸ್ಕೂಲಿಗೆ ಕಳಿಸಿ, ಅಡುಗೆಮನೆ ಒರೆಸಿಟ್ಟ ಮೇಲೆ ಸಿಗುವ ಒಂದೆರಡು ಗಂಟೆಯಲ್ಲೇ ನೀವು ಹತ್ತು ಹನ್ನೆರಡು ಕಥೆ ಬರೆದಿದ್ದೀರಿ. 'ಪುಸ್ತಕ ಮಾಡ್ಸೇ' ಎಂದು ಗೆಳತಿ ದುಂಬಾಲು ಬಿದ್ದಿದ್ದಾಳೆ. ಅಷ್ಟರಲ್ಲಿ ಯಾರೋ ಫೋನ್ ಮಾಡಿ, 'ನಿಮ್ಮ ಕಥೆಗಳು ಸೆಲೆಕ್ಟ್ ಆಗಿವೆ ಮೇಡಂ, ದುಡ್ಡು ಕಟ್ಟಿದ್ರೆ ತಿಂಗಳಲ್ಲೇ ಪುಸ್ತಕ' ಅಂದಿದ್ದಾರೆ. ಚೀಟಿ ಹಣ ಬೇರೆ ಕೈಗೆ ಬಂದಿದೆ. ಕೊಟ್ಟೇಬಿಡೋಣ ಅನ್ನಿಸ್ತಿದೆಯಾ? ಸ್ವಲ್ಪ ತಾಳಿ. ನಿಮ್ಮ ಮುಂದೆ ಮೂರು ದಾರಿಗಳಿವೆ.

ಮೊದಲು ಪತ್ರಿಕೆಗೆ ಕಳಿಸಿ

ಇದು ಖರ್ಚಿಲ್ಲದ ದಾರಿ. ಸುಧಾ, ತರಂಗದಂಥ ವಾರಪತ್ರಿಕೆಗಳು, ಮಯೂರ, ತುಷಾರದಂಥ ಮಾಸಿಕಗಳು ಹೊಸಬರ ಕಥೆಗಳಿಗೂ ಜಾಗ ಕೊಡುತ್ತವೆ. ವಿಶೇಷಾಂಕಗಳ ಕಥಾಸ್ಪರ್ಧೆಯನ್ನೂ ಬಿಡಬೇಡಿ. ಒಂದು ಕಥೆಯನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸಿ, ಪ್ರತಿಯೊಂದು ನಿಮ್ಮಲ್ಲಿರಲಿ. ಮರಳಿ ಬಂತೆಂದು ಮುಖ ಸಣ್ಣ ಮಾಡಿಕೊಳ್ಳದೆ ಮತ್ತೊಮ್ಮೆ ತಿದ್ದಿ. ನಾಲ್ಕಾರು ಕಥೆ ಅಚ್ಚಾದರೆ ಪ್ರಕಾಶಕರ ಮುಂದೆ ಅದೇ ನಿಮ್ಮ ಪರಿಚಯಪತ್ರ.

ಪ್ರಕಾಶಕರನ್ನು ಆರಿಸುವಾಗ

ಹಸ್ತಪ್ರತಿ ಕಳಿಸುವ ಮುನ್ನ ಅವರು ತಂದ ಎರಡು ಪುಸ್ತಕವನ್ನಾದರೂ ಓದಿ. ಅಡುಗೆ, ಜ್ಯೋತಿಷ್ಯದ ಪುಸ್ತಕಗಳನ್ನಷ್ಟೇ ತರುವವರಿಗೆ ಕಥೆ ಕಳಿಸಿ ಪ್ರಯೋಜನವಿಲ್ಲ. ಕಥೆಗಾರ ವಸುಧೇಂದ್ರ ಅವರ ಛಂದ ಪುಸ್ತಕ, ಹಸ್ತಪ್ರತಿ ಸ್ಪರ್ಧೆ ನಡೆಸಿ ಹಲವರ ಮೊದಲ ಸಂಕಲನ ಹೊರತಂದಿದೆ. ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನ ಯೋಜನೆಯಿದೆ. ಇದಕ್ಕೆ ವಯೋಮಿತಿ ಇರುವುದರಿಂದ ಪ್ರಕಟಣೆಯನ್ನು ಗಮನವಿಟ್ಟು ಓದಿ.

ಇಲ್ಲಿ ಖರ್ಚು ಪ್ರಕಾಶಕರದು. ಗೌರವಧನ ಸಾಮಾನ್ಯವಾಗಿ ಮುಖಬೆಲೆಯ ಶೇ. 10ರ ಆಸುಪಾಸು. ಅಂದರೆ 200 ರೂಪಾಯಿಯ ಪುಸ್ತಕಕ್ಕೆ ನಿಮಗೆ 20 ರೂಪಾಯಿ. ಕಡಿಮೆಯೇ, ಆದರೆ ಕೈಯಿಂದ ಏನೂ ಹೋಗುವುದಿಲ್ಲ. ತಿಂಗಳುಗಟ್ಟಲೆ ಕಾಯುವ ತಾಳ್ಮೆಯೊಂದಿರಬೇಕು, ಅಷ್ಟೇ.

ಸ್ವಂತ ಪ್ರಕಟಣೆ

ಇದರಲ್ಲಿ ಅವಮಾನವೇನಿಲ್ಲ. ನಂಜನಗೂಡು ತಿರುಮಲಾಂಬ 1913ರಲ್ಲೇ 'ಸತಿ ಹಿತೈಷಿಣಿ' ಗ್ರಂಥಮಾಲೆ ಆರಂಭಿಸಿ ತಮ್ಮ ಕಾದಂಬರಿಗಳನ್ನು ತಾವೇ ಪ್ರಕಟಿಸಿದವರು!

ಆದರೆ ಲೆಕ್ಕ ಹಾಕಿ ಕೈಹಾಕಿ. ಡಿಟಿಪಿ, ಕರಡು ತಿದ್ದುವಿಕೆ, ಮುಖಪುಟ, ಮುದ್ರಣ ಸೇರಿ 500 ಪ್ರತಿಗೆ 50,000 ರೂಪಾಯಿ ಆಯಿತು ಎಂದಿಟ್ಟುಕೊಳ್ಳಿ. 200 ರೂಪಾಯಿಯ ಪುಸ್ತಕಕ್ಕೆ ಅಂಗಡಿಯವರ ಕಮಿಷನ್ ಶೇ. 35 ಎಂದರೆ ನಿಮಗೆ ಬರುವುದು 130. ಅಸಲು ಹುಟ್ಟಲು 385 ಪ್ರತಿ ಮಾರಾಟವಾಗಬೇಕು. ನೆಂಟರು, ನೆರೆಹೊರೆಯವರಿಗೆ ಪುಕ್ಕಟೆ ಕೊಟ್ಟದ್ದು ಇದರಲ್ಲಿ ಸೇರುವುದಿಲ್ಲ! ಉಳಿದ ಬಂಡಲುಗಳು ಮಂಚದ ಕೆಳಗೆ ಧೂಳು ತಿನ್ನುವಂತಾಗಬಾರದು. ಈಗ ಡಿಜಿಟಲ್ ಮುದ್ರಣದಲ್ಲಿ 100 ಪ್ರತಿಯನ್ನೂ ಮಾಡಿಸಬಹುದು. ಒಂದೊಂದು ಪ್ರತಿಗೆ ಬೆಲೆ ಹೆಚ್ಚು, ನಷ್ಟದ ಭಯ ಕಡಿಮೆ.

ಸಹಿ ಹಾಕುವ ಮುನ್ನ

* ಪುಸ್ತಕ ಆಯ್ಕೆಯಾಗಿದೆ ಎಂದು ಹೇಳಿ ಹಣ ಕೇಳಿದರೆ, ಅದು ಸ್ವಂತ ಪ್ರಕಟಣೆಯೇ. ಎಷ್ಟು ಪ್ರತಿ, ಯಾವ ಕಾಗದ, ಮಾರುವವರು ಯಾರು ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಬೇರೆ ಮುದ್ರಣಾಲಯದಲ್ಲೂ ದರ ವಿಚಾರಿಸಿ.

* ಭಾರತದಲ್ಲಿ ಐಎಸ್‌ಬಿಎನ್ ಸಂಖ್ಯೆ ಉಚಿತ. ಅದಕ್ಕೆಂದು ದೊಡ್ಡ ಮೊತ್ತ ಕೇಳಿದರೆ ಎಚ್ಚರ!

* ಹಕ್ಕನ್ನು ಪೂರ್ತಿ ಬರೆದುಕೊಡಬೇಡಿ. ಎಷ್ಟು ವರ್ಷಕ್ಕೆ ಎಂಬುದು ಪತ್ರದಲ್ಲಿರಲಿ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ, ಅವಧಿ ನಮೂದಿಸದಿದ್ದರೆ ಅದು ಐದು ವರ್ಷ ಎಂದೇ ಅರ್ಥ.

* ಅನುವಾದ, ಧಾರಾವಾಹಿ, ಸಿನಿಮಾ, ಇ-ಪುಸ್ತಕದ ಹಕ್ಕುಗಳನ್ನು ಬೇರೆಬೇರೆಯಾಗಿ ನಮೂದಿಸಲು ಹೇಳಿ.

ತರಕಾರಿ ಕೊಳ್ಳುವಾಗ ಎರಡು ಅಂಗಡಿ ನೋಡುವವರು ನಾವು. ವರ್ಷಗಟ್ಟಲೆ ನಿದ್ದೆಗೆಟ್ಟು ಬರೆದ ಕಥೆಗಳ ವಿಷಯದಲ್ಲಿ ಆತುರವೇಕೆ? ಮೊದಲ ಕಥೆಯನ್ನು ಈ ವಾರವೇ ಪತ್ರಿಕೆಗೆ ಕಳಿಸಿ. ಚೀಟಿ ಹಣ ಸದ್ಯಕ್ಕೆ ಬ್ಯಾಂಕಿನಲ್ಲೇ ಇರಲಿ!