ಹಳೇ ಸೀರೆ, ಹೊಳೆ ದಂಡೆ

ನನಗೆ ಎರಡು ಹುಚ್ಚು. ಒಂದು, ಹಳೆಯ ಬಟ್ಟೆ. ಇನ್ನೊಂದು, ನೀರಿನ ದಂಡೆಯಲ್ಲಿರುವ ಊರು. ದೊಡ್ಡ ಬಟ್ಟೆಯಂಗಡಿಗೆ ಕಾಲಿಟ್ಟರೆ ಹತ್ತೇ ನಿಮಿಷಕ್ಕೆ ನನಗೆ ತಲೆನೋವು. ಅದೇ ಯಾರ ಮನೆಯಲ್ಲಾದರೂ ಹಳೇ ಟ್ರಂಕಿನ ಮುಚ್ಚಳ ತೆಗೆದರೆ ಊಟದ ಹೊತ್ತಾದದ್ದೂ ತಿಳಿಯುವುದಿಲ್ಲ. ಪ್ರವಾಸವೂ ಹಾಗೆಯೇ. ಬೆಟ್ಟ, ಅರಮನೆ ಎಲ್ಲ ಸರಿ. ಆದರೆ ಊರಿನ ಪಕ್ಕದಲ್ಲಿ ಹೊಳೆಯೋ ಕೆರೆಯೋ ಕಡಲೋ ಇಲ್ಲದಿದ್ದರೆ ನನಗೆ ಅದು ಅರ್ಧ ಊರು.

ಈ ಎರಡು ಹುಚ್ಚಿಗೂ ಸಂಬಂಧವಿದೆ ಎಂದು ಗೊತ್ತಾಗಲು ನನಗೆ ಬಹಳ ವರ್ಷ ಬೇಕಾಯಿತು. ಮಕ್ಕಳೇ, ಭೂಪಟ ತೆಗೆದು ನೋಡಿ. ಪೈಠಣಿ ಸೀರೆಯ ಪೈಠಣ ಇರುವುದು ಗೋದಾವರಿಯ ದಂಡೆಯಲ್ಲಿ. ಬನಾರಸಿ ಸೀರೆಯ ಕಾಶಿ ಗಂಗೆಯ ದಂಡೆಯಲ್ಲಿ. ಬಟ್ಟೆಯ ಮೇಲೆ ಕಡ್ಡಿಯ ಲೇಖನಿಯಿಂದ ರಾಮಾಯಣದ ಚಿತ್ರ ಬರೆಯುವ ಕಲಂಕಾರಿಯ ಶ್ರೀಕಾಳಹಸ್ತಿ ಸ್ವರ್ಣಮುಖಿ ನದಿಯ ದಂಡೆಯಲ್ಲಿ. ನೇಯುವವರಿಗೆ ನೀರು ಬೇಕೇ ಬೇಕು. ರೇಷ್ಮೆ ನೂಲಿನ ಅಂಟು ಬಿಡಿಸಲು, ಬಣ್ಣ ಅದ್ದಲು, ಅದ್ದಿದ್ದನ್ನು ತೊಳೆಯಲು, ಹತ್ತಿ ನೂಲಿಗೆ ಗಂಜಿ ಹಾಕಲು ಎಲ್ಲಕ್ಕೂ ನೀರೇ. ಕಲಂಕಾರಿಯವರಿಗಂತೂ ಬಾವಿ ನೀರು ಸಾಲದು. ಹೆಚ್ಚಿನ ಬಣ್ಣ ಹರಿದು ಹೋಗುವಂತೆ ಓಡುವ ನೀರೇ ಆಗಬೇಕು. ಮೇಲಾಗಿ ಲಾರಿ, ರೈಲು ಇಲ್ಲದ ಕಾಲದಲ್ಲಿ ಬಟ್ಟೆಯ ಗಂಟು ದೂರದೂರಿಗೆ ಹೋಗುತ್ತಿದ್ದದ್ದು ದೋಣಿಯಲ್ಲಿ, ಹಡಗಿನಲ್ಲಿ. ಹಾಗಾಗಿ ಚೆಂದದ ಹಳೇ ಸೀರೆಯ ಜಾಡು ಹಿಡಿದು ಹೊರಟರೆ ಎಷ್ಟೋ ಸಲ ಹೊಳೆಯ ಮೆಟ್ಟಿಲಿಗೇ ಬಂದು ನಿಲ್ಲುತ್ತೇವೆ.

ಅಂಥ ಮೆಟ್ಟಿಲುಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಮಧ್ಯಪ್ರದೇಶದ ಮಹೇಶ್ವರದ್ದು. ನರ್ಮದೆಯ ಉತ್ತರ ದಂಡೆಯ ಪುಟ್ಟ ಊರು. ಇಂದೋರಿನಿಂದ ಕಾರಿನಲ್ಲಿ ಎರಡು ಎರಡೂವರೆ ಗಂಟೆಯ ದಾರಿ. ಎರಡು ವರ್ಷದ ಹಿಂದೆ ನಾನು, ನಮ್ಮ ಯಜಮಾನರು, ಮೊಮ್ಮಗಳು ಪುಟ್ಟಿ ಮೂವರೇ ಹೋಗಿದ್ದೆವು. "ಇದೇ ಪುರಾಣದ ಮಾಹಿಷ್ಮತಿ ಅಂತಾರೆ ಕಣೇ" ಎಂದು ಅವಳ ಅಜ್ಜ ಹೇಳಿದ್ದೇ ತಡ, ಪುಟ್ಟಿ ಸೀಟಿನಿಂದ ಎದ್ದು ನಿಂತಳು. "ಬಾಹುಬಲಿ ಸಿನಿಮಾದ್ದಾ?" ಸಿನಿಮಾದ ಮಾಹಿಷ್ಮತಿ ಕಥೆಗಾರರು ಕಟ್ಟಿದ ಊರು. ಪುರಾಣದ ಮಾಹಿಷ್ಮತಿಗೆ ಸಾವಿರ ತೋಳಿನ ಕಾರ್ತವೀರ್ಯಾರ್ಜುನ ಅರಸ. ತನ್ನ ತೋಳುಗಳಿಂದಲೇ ನರ್ಮದೆಯನ್ನು ತಡೆದು ನಿಲ್ಲಿಸಿದನಂತೆ, ರಾವಣನನ್ನೇ ಹಿಡಿದು ಕಟ್ಟಿ ಹಾಕಿದನಂತೆ. ಊರಿನ ಹತ್ತಿರವೇ ಸಹಸ್ರಧಾರಾ ಎಂಬ ಜಾಗವಿದೆ. ಅಲ್ಲಿ ನದಿ ಬಂಡೆಗಳ ನಡುವೆ ಸೀಳಿಕೊಂಡು ನೂರಾರು ಸೀಳಾಗಿ ಹರಿಯುತ್ತದೆ. ಅವೆಲ್ಲ ಆ ಅರಸನ ಬೆರಳ ಸಂದಿನಿಂದ ತಪ್ಪಿಸಿಕೊಂಡ ನೀರು ಎಂದು ಪುಟ್ಟಿ ತನ್ನಷ್ಟಕ್ಕೆ ತೀರ್ಮಾನ ಮಾಡಿದಳು. ನಾವು ತಿದ್ದಲು ಹೋಗಲಿಲ್ಲ.

ಮಹೇಶ್ವರಕ್ಕೆ ಈಗಿನ ಚೆಲುವು ಕೊಟ್ಟವಳು ಅಹಲ್ಯಾಬಾಯಿ ಹೋಳ್ಕರ್. ಗಂಡ, ಮಾವ, ಮಗ ಒಬ್ಬರ ಹಿಂದೊಬ್ಬರು ತೀರಿಕೊಂಡ ಮೇಲೆ 1767ರಲ್ಲಿ ರಾಜ್ಯದ ಭಾರ ಹೊತ್ತು, 1795ರಲ್ಲಿ ತೀರಿಕೊಳ್ಳುವವರೆಗೆ ಆಳಿದಳು. ಕಾಶಿಯ ವಿಶ್ವನಾಥ ದೇವಾಲಯವನ್ನು ಮತ್ತೆ ಕಟ್ಟಿಸಿದ ಪುಣ್ಯಾತ್ಮಳು ಈಕೆಯೇ. ಇಷ್ಟು ದೊಡ್ಡ ರಾಣಿ ಕೂತು ಆಡಳಿತ ನಡೆಸಿದ ಜಾಗವನ್ನು ಕೋಟೆಯೊಳಗೆ ತೋರಿಸುತ್ತಾರೆ. ಬಿಳಿ ಹಾಸಿನ ಒಂದು ಗದ್ದುಗೆ, ಅಷ್ಟೇ. ಸಿಂಹಾಸನ ಹುಡುಕುತ್ತಿದ್ದ ಪುಟ್ಟಿಗೆ ಸ್ವಲ್ಪ ನಿರಾಸೆಯಾಯಿತು. ನನಗೆ ಮಾತ್ರ ಬೇರೆ ಯಾವ ಅರಮನೆಯಲ್ಲೂ ಬಾರದ ಗೌರವ ಅಲ್ಲಿ ಬಂತು.

ಅಹಲ್ಯಾಬಾಯಿ ಬೇರೆ ಬೇರೆ ಊರುಗಳಿಂದ ನೇಕಾರರನ್ನು ಕರೆಸಿ ಇಲ್ಲಿ ನೆಲೆ ಕೊಟ್ಟಳು. ಬಂದ ಅತಿಥಿಗಳಿಗೆ ಉಡುಗೊರೆ ಕೊಡಲು ಇಲ್ಲಿಯ ಸೀರೆ, ರುಮಾಲುಗಳನ್ನೇ ನೇಯಿಸುತ್ತಿದ್ದಳು ಎಂದು ಊರಿನವರು ಹೇಳುತ್ತಾರೆ. ಮಹೇಶ್ವರಿ ಸೀರೆಯ ಗುಟ್ಟು ಅದರ ಅಂಚಿನಲ್ಲಿದೆ. ಸಾಮಾನ್ಯ ಸೀರೆಗೆ ಒಳಮೈ ಹೊರಮೈ ಎಂದಿರುತ್ತದಲ್ಲ, ಇದರ ಅಂಚಿಗೆ ಹಾಗಿಲ್ಲ. ಯಾವ ಬದಿ ಮೇಲೆ ಮಾಡಿ ಉಟ್ಟರೂ ಚೆಂದ. ಒಂದು ಬದಿ ಮಾಸಿದರೆ ತಿರುಗಿಸಿ ಉಡಬಹುದು ಎಂದು ನಮ್ಮ ಯಜಮಾನರು ಲೆಕ್ಕ ಹಾಕಿದರು, ಅವರು ಬ್ಯಾಂಕಿನಲ್ಲಿದ್ದವರು. ಇನ್ನು ಅಂಚಿನ ಚಿತ್ರಗಳು ಎಲ್ಲಿಂದ ಬಂದವು? ಕೋಟೆಯ ಗೋಡೆಯಿಂದ. ಕಲ್ಲಿನಲ್ಲಿ ಕೆತ್ತಿದ ಚಾಪೆಯ ಹೆಣಿಗೆ, ಇಟ್ಟಿಗೆಯ ಸಾಲು, ವಜ್ರದಾಕಾರ, ಮಲ್ಲಿಗೆ ಹೂ ಎಲ್ಲವೂ ಸೀರೆಯ ಅಂಚಿಗೆ ಇಳಿದಿವೆ. ನರ್ಮದೆಯ ಅಲೆಯೂ ಬಿಟ್ಟಿಲ್ಲ. ಪುಟ್ಟಿಗೆ ಒಂದು ಆಟ ಹೇಳಿದೆ. ಬೆಳಿಗ್ಗೆ ಮಗ್ಗದ ಮನೆಯಲ್ಲಿ ನೋಡಿದ ಅಂಚನ್ನು ಮಧ್ಯಾಹ್ನ ಗೋಡೆಯ ಮೇಲೆ ಹುಡುಕಬೇಕು. ಐದು ಹುಡುಕಿದಳು. ನಾನು ನಾಲ್ಕು.

ಒಂದು ಕಾಲದಲ್ಲಿ ಈ ಮಗ್ಗಗಳೂ ಸದ್ದಡಗುವ ಸ್ಥಿತಿಗೆ ಬಂದಿದ್ದವು. 1970ರ ದಶಕದ ಕೊನೆಯಲ್ಲಿ ಹೋಳ್ಕರ್ ಮನೆತನದ ರಿಚರ್ಡ್ ಮತ್ತು ಸ್ಯಾಲಿ ಹೋಳ್ಕರ್ 'ರೇವಾ ಸೊಸೈಟಿ' ಎಂಬ ಸಂಸ್ಥೆ ಹುಟ್ಟುಹಾಕಿ, ಹೆಂಗಸರಿಗೆ ನೇಯ್ಗೆ ಕಲಿಸಿದರು. ರೇವಾ ಎಂದರೆ ನರ್ಮದೆಯದೇ ಇನ್ನೊಂದು ಹೆಸರು. ಈಗ ಕೋಟೆಯ ಪಕ್ಕದಲ್ಲಿ ನಡೆದರೆ ಮಗ್ಗದ 'ಕಟಕಟ' ಕಿವಿಗೆ ಬೀಳುತ್ತದೆ. ಹೋಗುವವರಿಗೆ ಒಂದು ಮಾತು: ಸಂಜೆ ಘಾಟಿನಲ್ಲಿ ಜನ ಹೆಚ್ಚು. ಸೂರ್ಯ ಹುಟ್ಟುವ ಹೊತ್ತಿಗೆ ಇಳಿಯಿರಿ. ನದಿಯ ನಡುವೆ ಬಾಣೇಶ್ವರನ ಪುಟ್ಟ ಗುಡಿಯಿದೆ, ದೋಣಿಯಲ್ಲಿ ಕರೆದೊಯ್ಯುತ್ತಾರೆ.

ಇಷ್ಟು ದೂರ ಯಾಕೆ, ನಮ್ಮಲ್ಲೇ ಇಳಕಲ್ ಇಲ್ಲವೇ ಎಂದು ಬಾಗಲಕೋಟೆಯ ಅಜ್ಜಿಯರು ಕೇಳಿಯಾರು. ಇಳಕಲ್ಲಿಗೂ ಹೋಗಿದ್ದೇನೆ. ಅದು ಹೊಳೆಯ ದಂಡೆಯ ಊರಲ್ಲ, ಆದರೆ ಕೃಷ್ಣೆ ಮಲಪ್ರಭೆ ಸೇರುವ ಕೂಡಲಸಂಗಮ ಅಲ್ಲಿಂದ ದೂರವಿಲ್ಲ. ಎರಡನ್ನೂ ಒಂದೇ ದಿನಕ್ಕೆ ಸೇರಿಸಿಕೊಂಡೆ. ಇಳಕಲ್ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಇಬ್ಬರು ಗೆಳತಿಯರು ತೋಳಿಗೆ ತೋಳು ಸಿಕ್ಕಿಸಿಕೊಂಡು ನಿಂತಂತೆ. ಅಂಥ ಸಾವಿರಾರು ಗೆಳತಿಯರು! ನಿಮ್ಮ ಮನೆಯಲ್ಲಿ ಹಳೇ ಇಳಕಲ್ ಸೀರೆ ಇದ್ದರೆ ಕೆಂಪು ಸೆರಗು ಶುರುವಾಗುವ ಜಾಗವನ್ನು ಬೆಳಕಿಗೆ ಹಿಡಿದು ನೋಡಿ.

ಇದ್ದರೆ ಎಂದೆ. ಯಾಕೆಂದರೆ ಎಷ್ಟೋ ಮನೆಗಳಲ್ಲಿ ಈಗ ಇಲ್ಲ. "ಹಳೇ ಜರಿ ಸೀರೆ ಕೊಳ್ತೀವಿ" ಎಂದು ಕೂಗಿಕೊಂಡು ಬೀದಿಯಲ್ಲಿ ಬರುವವರನ್ನು ನೀವು ನೋಡಿರಬಹುದು. ಅವರು ಸೀರೆಯನ್ನು ಉಡಲು ಒಯ್ಯುವುದಿಲ್ಲ. ಹಿಂದಿನ ಕಾಲದ ಅಸಲಿ ಜರಿಯಲ್ಲಿ ಬೆಳ್ಳಿಯ ಎಳೆ ಇರುತ್ತದೆ. ಸೀರೆಯನ್ನು ಸುಟ್ಟರೆ ರೇಷ್ಮೆ ಬೂದಿಯಾಗುತ್ತದೆ, ಬೆಳ್ಳಿ ಉಳಿಯುತ್ತದೆ. ಕೊಟ್ಟವರನ್ನು ನಾನು ದೂರುವುದಿಲ್ಲ. ಮಗಳ ಮದುವೆಗೆ, ಆಸ್ಪತ್ರೆಯ ಬಿಲ್ಲಿಗೆ ಕೊಟ್ಟವರಿದ್ದಾರೆ. ಆದರೆ ಒಂದು ಸೀರೆ ಸುಟ್ಟಾಗ ಅದರ ಅಂಚಿನ ಲೆಕ್ಕವೂ ಸುಟ್ಟುಹೋಗುತ್ತದೆ. ಎಷ್ಟೋ ನೇಕಾರರು ಅದನ್ನು ಕಾಗದದ ಮೇಲೆ ಬರೆದಿಟ್ಟಿರುವುದಿಲ್ಲ. ಅವರ ಪುಸ್ತಕ ಅಂದರೆ ನಮ್ಮ ಅಜ್ಜಿಯರ ಟ್ರಂಕು.

ಟ್ರಂಕಿನ ಮಾತು ಬಂತು, ಹೇಳಿಬಿಡುತ್ತೇನೆ. ಜರಿ ಸೀರೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಡಬೇಡಿ, ಒಳಗೆ ತೇವ ಕೂತು ಬೂಷ್ಟು ಹಿಡಿಯುತ್ತದೆ. ಒಗೆದು ಮೆತ್ತಗಾದ ಬಿಳಿ ಪಂಚೆಯಲ್ಲಿ ಸುತ್ತಿಡಿ. ಮೂರು ನಾಲ್ಕು ತಿಂಗಳಿಗೊಮ್ಮೆ ಬಿಚ್ಚಿ ಮಡಿಕೆ ಬದಲಿಸಿ. ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಮಡಚಿಟ್ಟರೆ ರೇಷ್ಮೆ ಅಲ್ಲೇ ಸೀಳುತ್ತದೆ. ನುಸಿಗುಳಿಗೆ ಜರಿಗೆ ತಾಗಬಾರದು. ಮಳೆಗಾಲ ಮುಗಿದ ಮೇಲೆ ನೆರಳಿನಲ್ಲಿ ಗಾಳಿಗೆ ಹರವಿ, ಬಿಸಿಲಿಗಲ್ಲ. ಮಕ್ಕಳಿಗೂ ಒಂದು ಕೆಲಸವಿದೆ. ಅಜ್ಜಿಯ ಪಕ್ಕದಲ್ಲಿ ಕೂತು, ಈ ಸೀರೆ ಯಾರದು, ಯಾವ ಊರಲ್ಲಿ ಕೊಂಡದ್ದು, ಯಾವ ಸಮಾರಂಭಕ್ಕೆ ಉಟ್ಟದ್ದು ಎಂದು ಕೇಳಿ ಚೀಟಿ ಬರೆದು ಸೀರೆಯ ಜೊತೆ ಇಡಿ. ಅಜ್ಜಂದಿರೂ ಸುಮ್ಮನೆ ಕೂರಬೇಕಾಗಿಲ್ಲ, ದುಡ್ಡು ಕೊಟ್ಟವರಿಗೆ ಬೆಲೆ ನೆನಪಿರುತ್ತದೆ!

ನನ್ನ ಟ್ರಂಕಿನ ತಳದಲ್ಲಿ ಇದ್ದದ್ದು ನಮ್ಮ ಅಜ್ಜಿಯ ಒಂದು ಹತ್ತಿ ಸೀರೆ. ಜರಿಯಿಲ್ಲ, ಮಾರಿದರೆ ಒಂದು ಸ್ಟೀಲ್ ಲೋಟವೂ ಸಿಗದು. ಬೆಣ್ಣೆ ಬಣ್ಣದ ಮೈ, ಕುಂಕುಮ ಬಣ್ಣದ ಅಂಚು, ಅಂಚಿನೊಳಗೆ ಗೋಧಿ ಕಾಳಿನಂಥ ಎರಡು ಸಾಲು. ಅಜ್ಜಿಯದು ಮೂಲ್ಕಿಯ ಕಡೆಯ ಊರು. ಶಾಂಭವಿ ನದಿ ಕಡಲು ಸೇರುವ ಮೊದಲು ತೆಂಗಿನ ತೋಟಗಳ ನಡುವೆ ಮೈಚೆಲ್ಲಿ ಮಲಗುವ ಜಾಗ ಅದು. ಮುಸ್ಲಿಂ ವ್ಯಾಪಾರಿ ಬಪ್ಪ ಬ್ಯಾರಿಯ ಹೆಸರು ಹೊತ್ತ ಬಪ್ಪನಾಡಿನ ದುರ್ಗಾಪರಮೇಶ್ವರಿ ದೇವಸ್ಥಾನ ಅಲ್ಲೇ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ನೇಯ್ಗೆಯ ಕಾರ್ಖಾನೆ ನಡೆಸಿದರು. ಪೊಲೀಸರ ಖಾಕಿ ಬಣ್ಣವೂ ಅಲ್ಲೇ ಹುಟ್ಟಿತು ಎನ್ನುವವರಿದ್ದಾರೆ; ಖಾಕಿ ಎಂದರೆ ಮಣ್ಣಿನ ಧೂಳಿನದು ಎಂದರ್ಥ. ಆ ಮಗ್ಗಗಳ ಬಗೆ ಸುತ್ತಲ ನೇಕಾರರ ಮನೆಗಳಿಗೂ ಹಬ್ಬಿತು. ಈ ಕರಾವಳಿಯ ತೆಳು ಹತ್ತಿ ಸೀರೆಗೆ 'ಉಡುಪಿ ಸೀರೆ' ಎಂದು 2016ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಆದರೆ ಅಷ್ಟು ಹೊತ್ತಿಗೆ ಹೆಚ್ಚಿನ ಮಗ್ಗಗಳು ಅಟ್ಟ ಸೇರಿಯಾಗಿತ್ತು.

ಕಳೆದ ಬೇಸಿಗೆ ರಜೆಯಲ್ಲಿ ಪುಟ್ಟಿಯನ್ನು ಕರೆದುಕೊಂಡು, ಸೀರೆಯನ್ನು ಚೀಲದಲ್ಲಿಟ್ಟುಕೊಂಡು ಆ ಕಡೆಯ ಹಿರಿಯ ನೇಕಾರರೊಬ್ಬರ ಮನೆಗೆ ಹೋದೆ. ಎಪ್ಪತ್ತು ದಾಟಿದವರು. ಮಗ ಮುಂಬಯಿಯಲ್ಲಿ ಹೋಟೆಲ್ ಕೆಲಸ. ಬೆಲ್ಲ ನೀರು ಕೊಟ್ಟು ಕೂರಿಸಿದರು. ಸೀರೆ ಬಿಚ್ಚಿ ಅಂಚನ್ನು ಹೆಬ್ಬೆರಳಿನಿಂದ ಸವರಿದರು. ಭೂತಗನ್ನಡಿ ತಂದು ಎಳೆ ಎಣಿಸಿದರು. ಮಾತೇ ಇಲ್ಲ. ಆಮೇಲೆ ಹೆಂಡತಿಯನ್ನು ಕರೆದು ತುಳುವಿನಲ್ಲಿ ಏನೋ ಹೇಳಿದರು. ಆಕೆಯೂ ಬಂದು ಕೂತರು.

"ಈ ಕಾಳು ಸಾಲು ನಮ್ಮ ಅಪ್ಪ ತೆಗೀತಿದ್ದದ್ದು ಅಮ್ಮ. ನಾನು ಸಣ್ಣವ ಇರುವಾಗ ನೋಡಿದ್ದು. ಮತ್ತೆ ಯಾರೂ ಕೇಳ್ಲಿಲ್ಲ, ಬಿಟ್ಟೇ ಹೋಯ್ತು" ಎಂದರು.

"ನೀವು ಈಗ ಮಾಡಬಹುದಾ?" ಪುಟ್ಟಿ ಕೇಳಿದಳು.

"ಮಾಡ್ಬಹುದು ಮಗಾ. ಆದ್ರೆ ಸೀರೆ ಎದುರಿಗೆ ಬೇಕು. ಒಂದೆರಡು ತಿಂಗಳು ಇಲ್ಲಿ ಬಿಟ್ಟು ಹೋಗ್ಬೇಕಾಗ್ತದೆ."

ಅಜ್ಜಿಯದೆಂದು ನನ್ನಲ್ಲಿ ಉಳಿದಿರುವುದು ಆ ಸೀರೆ ಒಂದೇ. ಫೋಟೋ ಕೂಡ ಇಲ್ಲ. ನಾನು ಮೊಬೈಲಿನಲ್ಲಿ ಅಂಚಿನ ಚಿತ್ರ ತೆಗೆದುಕೊಡಲಾ ಎಂದೆ. ಅವರು ನಕ್ಕು, ಚಿತ್ರದಲ್ಲಿ ಎಳೆ ಮೇಲೆ ಹೋದದ್ದೋ ಕೆಳಗೆ ಹೋದದ್ದೋ ತಿಳಿಯುವುದಿಲ್ಲ, ಬೆರಳಿಗೆ ತಿಳಿಯಬೇಕು ಎಂದರು. ಗುಂಡಿಯೊಳಗೆ ಕಾಲಿಳಿಸಿ ಕೂತು ಲಾಳಿ ಓಡಿಸಿ ತೋರಿಸಿದರು. ಪುಟ್ಟಿಗೂ ಒಂದು ಸಲ ಹಗ್ಗ ಎಳೆಯಲು ಕೊಟ್ಟರು. ನಾನು ಹೊಳೆಯ ಕಡೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ. ಬಂದಾಗ ಅವರ ಹೆಂಡತಿ ಸೀರೆಯನ್ನು ಒಗೆದ ಪಂಚೆಯೊಂದರಲ್ಲಿ ಸುತ್ತುತ್ತಿದ್ದರು, ನಾನು ಹೇಳದೆಯೇ. ಬಿಟ್ಟು ಬಂದೆ.

ಆ ಮಳೆಗಾಲ ಪೂರ್ತಿ ನನಗೆ ಅದೇ ಚಿಂತೆ. ನೆರೆ ಬಂದರೆ? ಇಲಿ ಬಂದರೆ? ಶ್ರಾವಣ ಮುಗಿಯುವ ಹೊತ್ತಿಗೆ ಫೋನ್ ಬಂತು.

"ಅಮ್ಮ, ಕಾಳು ಸಾಲು ಬಂತು. ಮೂರು ಸಲ ಬಿಚ್ಚಿ ಹಾಕಿದ್ದು. ಕುಂಕುಮ ಬಣ್ಣ ಮಾತ್ರ ಒಂದು ಚೂರು ಗಾಢ ಆಗಿದೆ, ಆ ಹಳೇದು ತುಂಬ ಒಗೆದದ್ದಲ್ವಾ. ಮತ್ತೊಂದು ವಿಷಯ. ಒಂದೇ ಸೀರೆಗೆ ಹಾಸು ಹಾಕ್ಲಿಕ್ಕೆ ಆಗುದಿಲ್ಲ. ಆರು ಸೀರೆಗೆ ಹಾಕಿದ್ದೇನೆ. ಉಳಿದದ್ದು ಯಾರಿಗೆ?"

ಅಜ್ಜಿಗೆ ಹನ್ನೊಂದು ಮೊಮ್ಮಕ್ಕಳು. ಒಂದೇ ಸಂಜೆಯಲ್ಲಿ ಐದೂ ಸೀರೆಗೆ ಗಿರಾಕಿ ಸಿಕ್ಕರು. ಶಿವಮೊಗ್ಗದ ನನ್ನ ಚಿಕ್ಕಪ್ಪನ ಮಗಳು ತನಗೆ ತಡವಾಗಿ ಫೋನ್ ಮಾಡಿದೆ ಎಂದು ಇನ್ನೂ ಮುನಿಸಿಕೊಂಡಿದ್ದಾಳೆ. ಅವಳಿಗಾಗಿ ನೇಕಾರರು ಇನ್ನೊಂದು ಹಾಸು ಹಾಕಬೇಕು. ಅದಕ್ಕೆ ಇನ್ನೂ ಐದು ಜನ ಬೇಕು. ದಸರಾ ರಜೆಗೆ ಪುಟ್ಟಿ ಮತ್ತು ನಾನು ಹಳೆಯದನ್ನೂ ಹೊಸದನ್ನೂ ತರಲು ಹೊರಟಿದ್ದೇವೆ. ನೇಕಾರರಿಗೆ ಕೊಡಲು ಅವಳು ಒಂದು ಚೀಟಿ ಬರೆದಿಟ್ಟುಕೊಂಡಿದ್ದಾಳೆ. ಅಂಚಿನ ಎಳೆಗಳ ಲೆಕ್ಕ ಅದರಲ್ಲಿ ತುಂಬಿಸಿ ಕೊಡಬೇಕಂತೆ, ಮೇಲೆ ಕೆಳಗೆ ಸಮೇತ.